ಕರಾವಳಿಯ ಬಾವಿಗಳಿಗೆ ಉಪ್ಪು ನೀರು: ಹೈನುಗಾರರು ತಿಳಿದಿರಬೇಕಾದ ಸಂಗತಿ

(ಕಡಲ ತೀರದ ಹಾಲು ಉತ್ಪಾದಕರ ಸಹಕಾರ ಸಂಘವೊಂದರ ಸದಸ್ಯರ ಸಭೆಯಲ್ಲಿ ಒಕ್ಕೂಟದ ಪಶುವೈದ್ಯ ವಿಸ್ತರಣಾಧಿಕಾರಿಯವರು ಮಾಡಿದ ಭಾಷಣದ ಬರಹ ರೂಪ)



ದನದ ಡಾಕ್ಟರು ಬಾವಿಯ ವಿಷಯ ಎತ್ತಿದರೆ ನಿಮಗೆ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಾನೂ ಇಷ್ಟು ವರ್ಷ ಬಾವಿ, ಪಂಪು ಎಲ್ಲ ಬೇರೆ ಇಲಾಖೆಯವರ ಕೆಲಸ ಅಂತಲೇ ತಿಳಿದಿದ್ದವನು. 2023ರ ಏಪ್ರಿಲ್ ತಿಂಗಳಲ್ಲಿ ಆದ ಒಂದು ಪ್ರಸಂಗದ ನಂತರ ಹಾಗೆ ತಿಳಿಯಲು ಧೈರ್ಯ ಬರುವುದಿಲ್ಲ. ಆ ಪ್ರಸಂಗವನ್ನು ಮೊದಲು ಹೇಳಿಬಿಡುತ್ತೇನೆ.

ಅಳಿವೆಯ ಹತ್ತಿರದ ಒಂದು ಊರಿನ ಸದಸ್ಯೆ, ಎರಡು ಮಿಶ್ರತಳಿ ಹಸು ಸಾಕಿದವರು, ನನಗೆ ಫೋನ್ ಮಾಡಿದರು. "ಡಾಕ್ಟ್ರೇ, ದನ ಬಾಲ್ದಿಗೆ ಮೂತಿ ಇಡ್ತದೆ, ತೆಗೀತದೆ. ಸಗಣಿ ತೆಳ್ಳಗೆ ಹೋಗ್ತದೆ. ಹಾಲು ಹತ್ತು ಲೀಟರ್ ಇದ್ದದ್ದು ಏಳಕ್ಕೆ ಬಂತು" ಅಂದರು. ಹೋದೆ, ನೋಡಿದೆ. ಜ್ವರ ಇಲ್ಲ, ಕೆಚ್ಚಲಲ್ಲಿ ತೊಂದರೆ ಇಲ್ಲ. ಸೆಕೆ ಕಾರಣ ಇರಬಹುದು, ಹುಳದ ಬಾಧೆ ಇರಬಹುದು ಅಂತ ಜಂತುನಾಶಕ ಕೊಟ್ಟು ಬಂದೆ. ವಾರ ಕಳೆದು ಎರಡನೇ ಸಲ ಹೋದಾಗಲೂ ಹಾಲು ಏಳರಿಂದ ಮೇಲೆ ಹತ್ತಿರಲಿಲ್ಲ. ಪರೀಕ್ಷೆ ಮುಗಿಸಿ ಹಟ್ಟಿಯ ಬಳಿಯೇ ಕೈ ತೊಳೆಯಲು ಕೂತೆ. ಸಾಬೂನು ಎಷ್ಟು ಉಜ್ಜಿದರೂ ನೊರೆ ಬರಲಿಲ್ಲ. ಒಂದು ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದೆ. ಉಪ್ಪು!

"ಅಕ್ಕಾ, ಈ ನೀರು ಕುಡಿದು ನೋಡಿದ್ದೀರಾ?" ಅಂತ ಕೇಳಿದೆ. ಅವರ ಮನೆಯವರು ಆ ನೀರು ಕುಡಿಯದೆ ನಾಲ್ಕು ವರ್ಷ ಆಗಿತ್ತು. ಮನೆಗೆ ಪಂಚಾಯತಿಯ ನಳ್ಳಿ ನೀರು, ಹಟ್ಟಿಗೆ ಮತ್ತು ಹುಲ್ಲಿಗೆ ಬಾವಿ ನೀರು. ಬಾವಿಯ ನೀರು ಹೇಗಿದೆ ಎಂದು ಆ ಮನೆಯಲ್ಲಿ ಗೊತ್ತಿದ್ದದ್ದು ಹಸುಗಳಿಗೆ ಮಾತ್ರ.

ಮರುದಿನ ಟಿ.ಡಿ.ಎಸ್. ಮೀಟರ್ ಹಿಡಿದುಕೊಂಡು ಹೋದೆ. ನೀರಿನಲ್ಲಿ ಕರಗಿದ ಲವಣವನ್ನು ಅಳೆಯುವ, ಪೆನ್ನಿನ ಗಾತ್ರದ ಸಾಧನ ಅದು. ನಳ್ಳಿ ನೀರಿಗೆ ಅದು ಲೀಟರಿಗೆ 90 ಮಿಲಿಗ್ರಾಂ ತೋರಿಸಿತು. ಬಾವಿ ನೀರಿಗೆ 3,400. ಕಡಲ ನೀರಿನಲ್ಲಿ ಲೀಟರಿಗೆ ಸುಮಾರು 35,000 ಮಿಲಿಗ್ರಾಂ, ಅಂದರೆ 35 ಗ್ರಾಂ ಲವಣ ಇರುತ್ತದೆ. ಲೆಕ್ಕ ಹಾಕಿ ನೋಡಿ. ಆ ಬಾವಿಯ ಹತ್ತು ಬಾಲ್ದಿ ನೀರಿನಲ್ಲಿ ಹತ್ತಿರ ಹತ್ತಿರ ಒಂದು ಬಾಲ್ದಿ ಕಡಲೇ ಇತ್ತು.

ಹಾಲಿನಲ್ಲಿ ನೂರಕ್ಕೆ 87 ಭಾಗ ನೀರು. ದಿನಕ್ಕೆ ಹತ್ತು ಲೀಟರ್ ಕೊಡುವ ಹಸುವಿಗೆ ನಮ್ಮ ಏಪ್ರಿಲ್ ಸೆಕೆಯಲ್ಲಿ 70–80 ಲೀಟರ್ ನೀರು ಬೇಕು. ಲೀಟರಿಗೆ 3.4 ಗ್ರಾಂನಂತೆ 70 ಲೀಟರಿಗೆ ಎಷ್ಟಾಯಿತು? ಹತ್ತಿರ ಕಾಲು ಕಿಲೋ ಲವಣ. ನಾವು ಹಿಂಡಿಯ ಜೊತೆ ದಿನಕ್ಕೆ ಕೊಡಲು ಹೇಳುವುದು ಸುಮಾರು 30 ಗ್ರಾಂ ಉಪ್ಪು. ಆ ಅಕ್ಕ ಅಕ್ಕಚ್ಚಿಗೆ ಪ್ರತಿದಿನ ಒಂದು ಮುಷ್ಟಿ ಉಪ್ಪು ಹಾಕುತ್ತಿದ್ದರು, ಅದೂ ನಾನೇ ಹೇಳಿದ್ದು.

ಹಸುವಿನ ಮಟ್ಟಿಗೆ ಅಂದಾಜು ಹೀಗಿದೆ. ಲೀಟರಿಗೆ 1,000 ಮಿಲಿಗ್ರಾಂ ತನಕ ಚಿಂತೆ ಬೇಡ. 3,000 ತನಕವೂ ಸಾಮಾನ್ಯವಾಗಿ ನಡೆಯುತ್ತದೆ, ಹೊಸದಾಗಿ ಕುಡಿಸುವಾಗ ಕೆಲವು ದಿನ ಸಗಣಿ ತೆಳ್ಳಗಾದೀತು. 3,000 ದಾಟಿತೆಂದರೆ ಹಾಲು ಕೊಡುವ ಹಸು ಸೆಕೆಗಾಲದಲ್ಲಿ ಬೇಕಾದಷ್ಟು ಕುಡಿಯುವುದಿಲ್ಲ, ಹಾಲು ಇಳಿಯುತ್ತದೆ. 5,000 ದಾಟಿದ ನೀರನ್ನು ಗಬ್ಬದ ಹಸುವಿಗೂ ಕರೆಯುವ ಹಸುವಿಗೂ ಕೊಡಬಾರದು. 7,000 ದಾಟಿದ್ದು ಯಾವ ದನಕ್ಕೂ ಬೇಡ. ಗಬ್ಬದ ಕಡಸುಗಳ ಬಗ್ಗೆ ವಿಶೇಷ ಎಚ್ಚರ ಇರಲಿ. ಕರು ಹಾಕುವ ಮೊದಲು ಕೆಚ್ಚಲಿಗೆ ನೀರು ತುಂಬಿ ಬಾತುಕೊಳ್ಳುವ ತೊಂದರೆ ಉಪ್ಪು ಹೆಚ್ಚಾದಷ್ಟೂ ಹೆಚ್ಚುತ್ತದೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನೂ ಹೇಳಿಬಿಡಬೇಕು. "ನಮ್ಮ ಬಾವಿ ಉಪ್ಪಾಗಿದೆ, ಅದಕ್ಕೇ ಹಾಲೂ ಉಪ್ಪು" ಅಂತ ಕೆಲವರು ಹೇಳುತ್ತಾರೆ. ಹಾಗಲ್ಲ. ಹಸು ಉಪ್ಪು ನೀರು ಕುಡಿದರೆ ಹಾಲಿನ ಪ್ರಮಾಣ ಇಳಿಯುತ್ತದೆಯೇ ಹೊರತು ಹಾಲು ಉಪ್ಪಾಗುವುದಿಲ್ಲ. ಹಾಲು ಉಪ್ಪುಪ್ಪಾದರೆ ಮೊದಲು ಕೆಚ್ಚಲು ಬಾವಿನ ಸಂಶಯ ಪಡಿ, ಸಿ.ಎಂ.ಟಿ. ಪರೀಕ್ಷೆ ಮಾಡಿಸಿ. ಬಾವಿಯ ಮೇಲೆ ಹಾಕಿ ಸುಮ್ಮನಿದ್ದರೆ ಒಂದು ಮೊಲೆಯೇ ಹೋದೀತು.

ಈಗ ಬಾವಿಗೆ ಉಪ್ಪು ಹೇಗೆ ಬರುತ್ತದೆ ಎಂಬ ವಿಷಯ. ಇದು ನಿಮಗೆ ಬೇರೆಯವರಿಗಿಂತ ಬೇಗ ಅರ್ಥವಾಗುತ್ತದೆ, ಯಾಕೆಂದರೆ ಕೆನೆ ಹಾಲಿನ ಮೇಲೆ ಯಾಕೆ ತೇಲುತ್ತದೆಂದು ನಿಮಗೆ ಗೊತ್ತು. ಹಗುರವಾದದ್ದು ಮೇಲೆ, ಭಾರವಾದದ್ದು ಕೆಳಗೆ. ನಮ್ಮ ಕಾರ್ಯದರ್ಶಿಯವರ ಹತ್ತಿರ ಲ್ಯಾಕ್ಟೋಮೀಟರ್ ಇದೆಯಲ್ಲ, ಅದನ್ನು ಚಪ್ಪೆ ನೀರಿನಲ್ಲಿ ಬಿಟ್ಟರೆ ಸೊನ್ನೆಯ ಹತ್ತಿರ, ಒಳ್ಳೆಯ ದನದ ಹಾಲಿನಲ್ಲಿ ಬಿಟ್ಟರೆ 28ರ ಹತ್ತಿರ ನಿಲ್ಲುತ್ತದೆ. ಕಡಲ ನೀರಿನಲ್ಲಿ ಬಿಟ್ಟರೆ 25ರ ಆಸುಪಾಸು. ಅಂದರೆ ಕಡಲ ನೀರು ಚಪ್ಪೆ ನೀರಿಗಿಂತ ಸಾವಿರಕ್ಕೆ 25 ಪಾಲು ಭಾರ. (ಇದನ್ನು ಕೇಳಿ ಯಾರೂ ಬಾವಿ ನೀರಿಗೆ ಲ್ಯಾಕ್ಟೋಮೀಟರ್ ಇಳಿಸಬೇಡಿ. ಬಾವಿಯಲ್ಲಿ ನೂರಕ್ಕೆ ಐದು ಪಾಲು ಕಡಲು ಬೆರೆತಿದ್ದರೂ ಅದರಲ್ಲಿ ಕಾಣುವ ವ್ಯತ್ಯಾಸ ಒಂದು ಗೆರೆಯಷ್ಟೇ.)

ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರು ಮುರಕಲ್ಲಿನ ತೂತುಗಳಲ್ಲಿ, ಹೊಯಿಗೆಯ ಸಂದಿಯಲ್ಲಿ ಇಂಗಿ, ಗುಡ್ಡೆಯಿಂದ ಕಡಲ ಕಡೆಗೆ ನೆಲದ ಒಳಗೇ ನಿಧಾನವಾಗಿ ಹರಿಯುತ್ತಾ ಇರುತ್ತದೆ. ಬಾವಿಯ ನೀರು ನಿಂತ ನೀರಲ್ಲ, ದಾರಿಯಲ್ಲಿರುವ ನೀರು. ತೀರದ ಹತ್ತಿರ ಈ ಚಪ್ಪೆ ನೀರು ಕಡಲ ನೀರಿನ ಮೇಲೆ ಕೆನೆಯ ಹಾಗೆ ತೇಲುತ್ತದೆ, ಮತ್ತು ಹೊರಗೆ ಹರಿಯುತ್ತಾ ಕಡಲನ್ನು ಆಚೆಗೆ ತಳ್ಳಿ ಹಿಡಿಯುತ್ತದೆ. ನಮ್ಮ ಬಾವಿಗಳೆಲ್ಲ ಆ ಕೆನೆಯೊಳಗೆ ಇಳಿಸಿದ ಚಮಚಗಳು.

ಕೆನೆ ಎಷ್ಟು ದಪ್ಪ? ಇದಕ್ಕೆ ಲೆಕ್ಕ ಕೊಟ್ಟವರು ಇಬ್ಬರು. 1880ರ ದಶಕದ ಕೊನೆಯಲ್ಲಿ ಹಾಲೆಂಡಿನ ಬಾಡೋನ್ ಗೈಬೆನ್, 1901ರಲ್ಲಿ ಜರ್ಮನಿಯ ಹರ್ಜ್‌ಬರ್ಗ್. ಹರ್ಜ್‌ಬರ್ಗ್ ನೋಡಿದ್ದು ಉತ್ತರ ಸಮುದ್ರದ ದ್ವೀಪಗಳ ಬಾವಿಗಳನ್ನು. ನಮ್ಮ ಹೊಳೆಯ ಕುದ್ರುಗಳ ಹಾಗೆ ಸುತ್ತ ಉಪ್ಪು, ನಡುವೆ ಚಪ್ಪೆ ನೀರು. ಅವರ ಲೆಕ್ಕ ಸರಳ: ಕಡಲ ಮಟ್ಟದಿಂದ ಮೇಲೆ ಚಪ್ಪೆ ನೀರು ಒಂದು ಅಡಿ ನಿಂತಿದ್ದರೆ ಕೆಳಗೆ ಸುಮಾರು 40 ಅಡಿ ಚಪ್ಪೆ ನೀರು ಇರುತ್ತದೆ. ಆ 25ರ ವ್ಯತ್ಯಾಸ ಸಾವಿರದಲ್ಲಿ 40 ಸಲ ಹೋಗುತ್ತದೆ, ಅಷ್ಟೇ.

ಕೇಳಲು ಸಂತೋಷದ ಲೆಕ್ಕ. ತಿರುಗಿಸಿ ನೋಡಿದರೆ ಮಾತ್ರ ಭಯವಾಗುತ್ತದೆ. ಮೇ ತಿಂಗಳಲ್ಲಿ ನಿಮ್ಮ ಜಾಗದ ನೀರು ಕಡಲ ಮಟ್ಟಕ್ಕಿಂತ ಎರಡು ಅಡಿ ಮೇಲಿದೆ ಎಂದಿಟ್ಟುಕೊಳ್ಳಿ, ಕಡಲ ಮಟ್ಟದಿಂದ 80 ಅಡಿ ಕೆಳಗೆ ಉಪ್ಪು. ನೀವು, ನಿಮ್ಮ ಪಕ್ಕದವರು, ಅವರ ಆಚೆಯವರು ಪಂಪ್ ಬಿಟ್ಟು ಅದು ಒಂದು ಅಡಿ ಇಳಿಯಿತು ಅನ್ನಿ. ಕೆಳಗಿನ ಉಪ್ಪು ನೀರು ಕ್ರಮೇಣ 40 ಅಡಿ ಮೇಲೇರುತ್ತದೆ. ಒಂದೇ ದಿನದಲ್ಲಿ ಅಲ್ಲ, ತಿಂಗಳು ವರ್ಷ ಹಿಡಿಯಬಹುದು. ಬಂಡೆ ಇರುವ ಕಡೆ ಬಿರುಕು ಎಲ್ಲಿದೆಯೋ ಹಾಗೆ ಲೆಕ್ಕವೂ ಬದಲಾಗುತ್ತದೆ. ಆದರೆ ದಿಕ್ಕು ಇದೇ. ಅದರ ಮೇಲೆ ಒಂದೇ ಕಡೆ ಜೋರಾಗಿ ಎಳೆಯುವ ಪಂಪ್ ಇದ್ದರೆ ಅದರ ಅಡಿಯಲ್ಲಿ ಉಪ್ಪು ನೀರು ಹುತ್ತದ ಹಾಗೆ ಎದ್ದು ಬರುತ್ತದೆ.

ಹಾಗಾಗಿ ಘಟ್ಟದ ಮೇಲಿನವರ ಬುದ್ಧಿ ಇಲ್ಲಿ ನಡೆಯುವುದಿಲ್ಲ. ಅಲ್ಲಿ ನೀರು ಕಡಿಮೆಯಾದರೆ ಇನ್ನೂ ಆಳಕ್ಕೆ ಹೋಗುತ್ತಾರೆ. ನಮ್ಮ ತೀರದಲ್ಲಿ ಏಪ್ರಿಲ್‌ನಲ್ಲಿ ಬಾವಿ ಬತ್ತಿತೆಂದು ಆಳ ಮಾಡಿದರೆ ನಾವು ಹೋಗುವುದು ನೀರಿನ ಹತ್ತಿರಕ್ಕಲ್ಲ, ಕಡಲ ಹತ್ತಿರಕ್ಕೆ.

ಈಗ ನನ್ನ ತಪ್ಪಿನ ವಿಷಯ. ಆ ಅಕ್ಕನ ಮನೆಯಲ್ಲಿ 20 ಸೆಂಟ್ಸ್ ಜಾಗದಲ್ಲಿ ನೇಪಿಯರ್ ಹುಲ್ಲು ಹಾಕಿಸಿದವನು ನಾನು, 2017ರಲ್ಲಿ. ಹಿಂಡಿಯ ಖರ್ಚು ಇಳಿಯಲಿ ಎಂಬ ಉದ್ದೇಶ ಒಳ್ಳೆಯದೇ ಇತ್ತು. ಮರುವರ್ಷ ಬೇಸಿಗೆಯಲ್ಲಿ ನೀರು ಸಾಲಲಿಲ್ಲ ಅಂದಾಗ "ಇನ್ನೆರಡು ರಿಂಗ್ ಇಳಿಸಿ, ಪಂಪ್ ಸ್ವಲ್ಪ ದೊಡ್ಡದು ಹಾಕಿ" ಅಂತ ಹಟ್ಟಿಯ ಎದುರು ನಿಂತು ಹೇಳಿದವನೂ ನಾನೇ. ನನ್ನ ಡಿಗ್ರಿಯಲ್ಲಿ ಬಾವಿಯ ಪಾಠ ಇರಲಿಲ್ಲ ಎಂಬುದು ಉತ್ತರ ಆಗುವುದಿಲ್ಲ. ಗೊತ್ತಿಲ್ಲದ್ದನ್ನು ಹೇಳಬಾರದಿತ್ತು.

ಲೆಕ್ಕ ನೋಡಿ. ಸೆಕೆಗಾಲದಲ್ಲಿ ಹಸಿಹುಲ್ಲಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಎಂದು ಹಿಡಿದರೂ ಎಕರೆಗೆ 20,000 ಲೀಟರ್. 20 ಸೆಂಟ್ಸಿಗೆ 4,000 ಲೀಟರ್. ಎರಡು ಹಸು ಕುಡಿಯುವುದು ಹೆಚ್ಚೆಂದರೆ 160 ಲೀಟರ್. ಅಂದರೆ ಆ ಹುಲ್ಲು ದಿನಕ್ಕೆ 50 ಹಸುಗಳಷ್ಟು ಕುಡಿಯುತ್ತಿತ್ತು. ಹತ್ತು ಅಡಿ ಅಗಲದ ಬಾವಿಯಲ್ಲಿ ಒಂದು ಮೀಟರ್ ನೀರು ನಿಂತರೆ ಸುಮಾರು 7,000 ಲೀಟರ್ ಮಾತ್ರ. ಹುಲ್ಲಿಗೆ ಪೈಪ್ ಹಾಕಿ ಪಂಪ್ ಬಿಟ್ಟು ಒಳಗೆ ಹೋದರೆ, ಧಾರಾವಾಹಿ ಮುಗಿಯುವುದರೊಳಗೆ ಅದು ಹೋಗುತ್ತದೆ.

ಅವರೊಬ್ಬರದೇ ತಪ್ಪು ಅಂತ ಹೇಳಲೂ ಆಗುವುದಿಲ್ಲ. ಅವರ ಬಾವಿಯಿಂದ ಗುಡ್ಡೆಯ ಕಡೆಗೆ ಎರಡು ಹೊಸ ಕೊಳವೆ ಬಾವಿಗಳು ಬಂದಿದ್ದವು. ಅಲ್ಲಿ ಎಳೆದ ನೀರು ಇವರ ಬಾವಿಗೆ ಬರಬೇಕಾದದ್ದು, ಇವರ ಬಾವಿಯನ್ನು ದಾಟಿ ಕಡಲನ್ನು ತಳ್ಳಬೇಕಾದದ್ದು. ಕಾಗದದಲ್ಲಿ ಬಾವಿ ಒಬ್ಬೊಬ್ಬರದು, ನೆಲದ ಕೆಳಗೆ ಎಲ್ಲ ಬಾವಿಗಳ ನೀರೂ ಒಂದೇ. ನಮ್ಮ ಸಂಘದ ಕ್ಯಾನಿನ ಹಾಗೆ. ಒಬ್ಬರ ಹುಳಿ ಹಾಲು ಬಿದ್ದರೆ ಕ್ಯಾನೇ ಹೋಯಿತು.

ದೊಡ್ಡ ಪ್ರಮಾಣದಲ್ಲಿ ಹೀಗಾದರೆ ಏನು ಗತಿ ಎಂಬುದಕ್ಕೆ ಚೆನ್ನೈ ಉತ್ತರದ ಮೀಂಜೂರು ಸಾಕ್ಷಿ. ನಗರಕ್ಕೆ, ಕಾರ್ಖಾನೆಗಳಿಗೆ, ಬೇಸಾಯಕ್ಕೆ ಎಂದು ಅಲ್ಲಿ ನೆಲದ ನೀರನ್ನು ವಿಪರೀತ ಎತ್ತಿದರು. 1969ರಲ್ಲಿ ತೀರದಿಂದ ಸುಮಾರು 3 ಕಿಲೋಮೀಟರ್ ಒಳಗಿದ್ದ ಉಪ್ಪು ನೀರು 1983ರ ಹೊತ್ತಿಗೆ ಸುಮಾರು 9 ಕಿಲೋಮೀಟರ್ ಒಳಗೆ ಬಂದಿತ್ತು. ನಮ್ಮಲ್ಲಿ ಅಷ್ಟು ಆಗಿಲ್ಲ, ನಮ್ಮ ಮಳೆ ದೊಡ್ಡದು. ಸುರತ್ಕಲ್ಲಿನ ಎನ್.ಐ.ಟಿ.ಕೆ.ಯವರು ಪಾವಂಜೆ, ಗುರುಪುರ ಹೊಳೆಗಳ ಸುತ್ತಲಿನ ಬಾವಿಗಳನ್ನು ಅಧ್ಯಯನ ಮಾಡಿದ್ದಾರೆ. ನಮ್ಮ ತೊಂದರೆ ಮುಖ್ಯವಾಗಿ ಬೇಸಿಗೆಯದು. ಮಳೆ ಬಿದ್ದರೆ ಬಾವಿ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಹಾಗಂತ ಸಮಾಧಾನ ಪಡುವ ಹಾಗೂ ಇಲ್ಲ. ಮುರಕಲ್ಲು ನೀರನ್ನು ಎಷ್ಟು ಬೇಗ ಕುಡಿಯುತ್ತದೋ ಅಷ್ಟೇ ಬೇಗ ಬಿಟ್ಟುಕೊಡುತ್ತದೆ. 2023ರಂತೆ ಮಳೆಗಾಲ ತಡವಾದ ವರ್ಷ ಉಪ್ಪಿನ ತಿಂಗಳುಗಳು ಉದ್ದವಾಗುತ್ತವೆ.

ಹೊಳೆ ಬದಿಯ ಸದಸ್ಯರಿಗೆ ಇನ್ನೊಂದು ದಾರಿಯಿಂದಲೂ ಉಪ್ಪು ಬರುತ್ತದೆ. ಬೇಸಿಗೆಯಲ್ಲಿ ಮೇಲಿನಿಂದ ಬರುವ ನೀರು ಇಳಿದಾಗ ಭರತದ ಜೊತೆ ಕಡಲು ಹೊಳೆಯೊಳಗೆ ಮೈಲುಗಟ್ಟಲೆ ಬರುತ್ತದೆ. ಹೊಯಿಗೆ ತೆಗೆದು ಹೊಳೆಯ ತಳ ಇಳಿದ ಕಡೆ ಇನ್ನೂ ಮೇಲಕ್ಕೆ ಹೋಗುತ್ತದೆ. ಬಾವಿಯ ನೀರು ಹೊಳೆಯ ನೀರಿಗಿಂತ ಮೇಲಿರುವ ತನಕ ಹರಿವು ಬಾವಿಯಿಂದ ಹೊಳೆಗೆ. ಪಂಪ್ ಬಿಟ್ಟು ಅದಕ್ಕಿಂತ ಕೆಳಗೆ ಇಳಿಸಿದಿರೋ, ಹರಿವು ಹೊಳೆಯಿಂದ ಬಾವಿಗೆ. ಮೇಸ್ತ್ರಿಗಳು ಮಟ್ಟ ನೋಡಲು ನೀರು ತುಂಬಿದ ಪಾರದರ್ಶಕ ಪೈಪ್ ಬಳಸುತ್ತಾರಲ್ಲ, ಅದರಿಂದ ಭರತದ ಮಟ್ಟವನ್ನು ಬಾವಿಯ ಕಟ್ಟೆಗೆ ತಂದು, ಅಲ್ಲಿಂದ ಅಳೆದು ಒಳಗೆ ಬಣ್ಣದಲ್ಲಿ ಒಂದು ಗೆರೆ ಹಾಕಿಸಿಕೊಳ್ಳಿ. ನೀರು ಆ ಗೆರೆಗಿಂತ ಕೆಳಗೆ ಇಳಿಯುವ ಮೊದಲು ಪಂಪ್ ನಿಲ್ಲಲಿ.

ಕಿಂಡಿ ಅಣೆಕಟ್ಟುಗಳ ಉಪಯೋಗವೂ ಇದೇ. ಅವು ಮೇಲೆ ಚಪ್ಪೆ ನೀರನ್ನು ನಿಲ್ಲಿಸುತ್ತವೆ, ಕೆಳಗಿನಿಂದ ಬರುವ ಉಪ್ಪನ್ನು ತಡೆಯುತ್ತವೆ. ಆದರೆ ಹಲಗೆ ಸಕಾಲದಲ್ಲಿ ಹಾಕಬೇಕು. ಹೊಳೆಯಲ್ಲಿ ಚಪ್ಪೆ ನೀರು ಹರಿಯುತ್ತಿರುವಾಗಲೇ ಹಾಕಬೇಕು, ಉಪ್ಪು ಮೇಲೆ ಹತ್ತಿದ ಮೇಲೆ ಹಾಕಿದರೆ ನಾವು ಉಪ್ಪನ್ನೇ ಕಟ್ಟಿ ಇಟ್ಟ ಹಾಗೆ. ನಮ್ಮ ಹಿರಿಯರು ಸುಗ್ಗಿ ಬೆಳೆಗಾಗಿ ಪ್ರತಿವರ್ಷ ತೋಡಿಗೆ ಕಲ್ಲು ಮಣ್ಣಿನ ಕಟ್ಟ ಹಾಕುತ್ತಿದ್ದರು. ಭತ್ತಕ್ಕೆಂದು ಹಾಕಿದ ಕಟ್ಟ ಬಾವಿಗಳನ್ನೂ ಕಾಯುತ್ತಿತ್ತು. ಈಗ ಗದ್ದೆ ಬೀಳು ಬಿದ್ದಿದೆ ಅಥವಾ ಮಣ್ಣು ತುಂಬಿಸಿ ಮನೆ ಎದ್ದಿದೆ, ಕಟ್ಟ ಹಾಕಲು ಜನ ಇಲ್ಲ. ಬಾವಿ ಮಾತ್ರ ಹಳೆಯ ಹಾಗೇ ಇರಬೇಕು ಅಂತ ನಮಗೆ ಆಸೆ.

ಹೈನುಗಾರರಾಗಿ ನಮ್ಮ ಕೈಯಲ್ಲಿ ಏನಿದೆ? ಹಸಿಹುಲ್ಲು ಬಿಡಿ ಅಂತ ನಾನು ಹೇಳುವುದಿಲ್ಲ. ಬೇಸಿಗೆಯಲ್ಲಿ ಬಾವಿ ನೀರು ಕೊಟ್ಟು ಬೆಳೆಸುವ ಹುಲ್ಲು ಕಡಿಮೆ ಮಾಡೋಣ. ಮಳೆಗಾಲದ ಕೊನೆಯಲ್ಲಿ ಹುಲ್ಲು ಬೇಕಾದಷ್ಟಿರುತ್ತದೆ. ಆಗ ಕೊಚ್ಚಿ, ಸ್ವಲ್ಪ ಬಾಡಿಸಿ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ತುಳಿದು ರಸಮೇವು ಮಾಡಿ ಇಟ್ಟರೆ ಏಪ್ರಿಲ್‌ಗೆ ಆಗುತ್ತದೆ. ಅದು ಮಳೆಯ ನೀರಿನಲ್ಲಿ ಬೆಳೆದ ಹುಲ್ಲು, ಬಾವಿಗೆ ಭಾರ ಇಲ್ಲ. ಉಳಿದ ಹುಲ್ಲಿಗೆ ಹಟ್ಟಿ ತೊಳೆದ ನೀರು, ಗೋಬರ್ ಗ್ಯಾಸಿನ ಸ್ಲರಿ ಹೋಗಲಿ. ಆಗಲೇ ಸ್ವಲ್ಪ ಉಪ್ಪಾದ, ನೀರು ನಿಲ್ಲುವ ಜಾಗದಲ್ಲಿ ಪ್ಯಾರಾ ಹುಲ್ಲು ತಾಳಿಕೊಳ್ಳುತ್ತದೆ. ಪಂಪ್ ಸಣ್ಣದಿರಲಿ. ಒಮ್ಮೆಗೇ ಎರಡು ಗಂಟೆ ಎಳೆಯುವ ಬದಲು ಬೆಳಿಗ್ಗೆ ಕಾಲು ಗಂಟೆ, ಸಂಜೆ ಕಾಲು ಗಂಟೆ ಎಳೆದು ಬಾವಿಗೆ ಸುಧಾರಿಸಿಕೊಳ್ಳಲು ಸಮಯ ಕೊಡಿ. ಫುಟ್‌ವಾಲ್ವನ್ನು ತಳಕ್ಕೆ ಇಳಿಸಬೇಡಿ.

ಮಾಡಿನ ನೀರು ಬಾವಿಗೆ ಬಿಡುವುದೂ ಒಳ್ಳೆಯದು. 100 ಚದರ ಮೀಟರ್ ಹೆಂಚಿನ ಮಾಡಿನಿಂದ ನಮ್ಮ ಮಳೆಯಲ್ಲಿ ಮೂರು ಲಕ್ಷ ಲೀಟರಿಗೂ ಹೆಚ್ಚು ಸಿಗುತ್ತದೆ. ಹೊಯಿಗೆ, ಇದ್ದಿಲು, ಜಲ್ಲಿಯ ಸೋಸುಗುಂಡಿ ಮಾಡಿ ಬಿಡಬೇಕು, ಮೊದಲ ಮಳೆಯ ಕಸದ ನೀರು ಬೇಡ. ಆದರೆ ಜುಲೈಯಲ್ಲಿ ಬಿಟ್ಟ ನೀರೆಲ್ಲ ಮೇ ತನಕ ನಿಮ್ಮ ಬಾವಿಯಲ್ಲೇ ಕೂತಿರುತ್ತದೆ ಅಂತ ನಂಬಬೇಡಿ. ನನ್ನ ಅಭಿಪ್ರಾಯದಲ್ಲಿ ಎಳೆಯುವುದನ್ನು ಕಡಿಮೆ ಮಾಡದೆ ಬರೀ ಇಂಗಿಸುವುದರಿಂದ ತೀರದ ಬಾವಿ ಉಳಿಯುವುದಿಲ್ಲ.

ಬಾವಿ ಈಗಾಗಲೇ ಉಪ್ಪಾಗಿದ್ದರೆ ಕುಡಿಯುವುದಕ್ಕಾದರೂ ಹಸುವಿಗೆ ಚಪ್ಪೆ ನೀರು ಕೊಡಿ, ಪೂರಾ ಸಿಗದಿದ್ದರೆ ಅರ್ಧಕ್ಕರ್ಧ ಬೆರೆಸಿ. ಅಂಥ ನೀರು ಕುಡಿಸುತ್ತಿರುವ ತಿಂಗಳುಗಳಲ್ಲಿ ಅಕ್ಕಚ್ಚಿಗೆ ಉಪ್ಪು ಹಾಕಬೇಡಿ, ಖನಿಜ ಮಿಶ್ರಣ ಮಾತ್ರ ತಪ್ಪಿಸಬೇಡಿ, ಅದು ಬೇರೆ, ಇದು ಬೇರೆ. ಕರೆಂಟ್ ಹೋಗಿಯೋ ಇನ್ನೇನೋ ಆಗಿಯೋ ದನ ಒಂದು ದಿನ ನೀರಿಲ್ಲದೆ ಇದ್ದರೆ, ಒಮ್ಮೆಗೇ ಹೊಟ್ಟೆ ತುಂಬ ಕುಡಿಸಬೇಡಿ. ಉಪ್ಪು ತಿಂದು ಬಾಯಾರಿದ ದನ ಹಾಗೆ ಕುಡಿದರೆ ಮೆದುಳಿಗೆ ತೊಂದರೆಯಾಗಿ ತೂರಾಡಿ ಬೀಳಬಹುದು, ಕಣ್ಣು ಕಾಣದೆ ಹೋಗಬಹುದು. ಸ್ವಲ್ಪ ಸ್ವಲ್ಪವಾಗಿ ಕೊಡುತ್ತಾ ನಮಗೆ ಫೋನ್ ಮಾಡಿ. ಕ್ಯಾನುಗಳನ್ನೂ ಕರೆಯುವ ಯಂತ್ರವನ್ನೂ ಕೊನೆಯ ಸಲ ತೊಳೆಯುವುದು ಚಪ್ಪೆ ನೀರಿನಲ್ಲೇ ಆಗಲಿ, ಉಪ್ಪು ನೀರು ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ.

ಆ ಅಕ್ಕನ ಹಸುಗಳಿಗೆ ನಳ್ಳಿ ನೀರು ಕೊಡಲು ಶುರು ಮಾಡಿದ ಮೇಲೆ ಎರಡು ವಾರದಲ್ಲಿ ಹಾಲು ಒಂಬತ್ತೂವರೆಗೆ ಬಂತು. ಹುಲ್ಲು 20 ಸೆಂಟ್ಸಿನಿಂದ 8ಕ್ಕೆ ಇಳಿಯಿತು, ಇಳಿಸಿದ ಎರಡು ರಿಂಗಿನಷ್ಟು ಆಳಕ್ಕೆ ಹೊಯಿಗೆ ತುಂಬಿಸಿದರು. 2024ರ ಮೇ ತಿಂಗಳಲ್ಲಿ ಅವರ ಬಾವಿ 2,100 ತೋರಿಸಿತು. ಕಡಿಮೆಯಾಗಿದೆ, ಹೋಗಿಲ್ಲ. ಗುಡ್ಡೆ ಬದಿಯ ಕೊಳವೆ ಬಾವಿಗಳವರ ಹತ್ತಿರ ಮಾತಾಡಲು ಸಂಘದ ಅಧ್ಯಕ್ಷರೂ ನಾನೂ ಎರಡು ಸಲ ಹೋದೆವು. ಒಬ್ಬರು ಗಂಟೆ ಕಡಿಮೆ ಮಾಡಿದ್ದಾರೆ, ಇನ್ನೊಬ್ಬರು "ನಮ್ಮ ನೀರು ಉಪ್ಪಿಲ್ಲವಲ್ಲ" ಅಂದರು. ಅವರ ಮಾತು ಸರಿ, ಸದ್ಯಕ್ಕೆ.

ಮುಂದಿನ ಮಾರ್ಚ್‌ನಿಂದ ಪ್ರತಿ ತಿಂಗಳ ಮೊದಲ ಸೋಮವಾರ ಬೆಳಗ್ಗಿನ ಹಾಲು ತರುವಾಗ ನಿಮ್ಮ ಹಟ್ಟಿಯ ಬಾವಿ ನೀರನ್ನೂ ಒಂದು ಬಾಟಲಿಯಲ್ಲಿ ತನ್ನಿ. ಪಂಪ್ ಹತ್ತು ನಿಮಿಷ ಓಡಿದ ಮೇಲೆ ತುಂಬಿಸಿದ ನೀರು ಬೇಕು, ಮೇಲಿನಿಂದ ಕೊಡಪಾನದಲ್ಲಿ ಎತ್ತಿದ ನೀರು ಚೆನ್ನಾಗಿಯೇ ಕಾಣುತ್ತದೆ. ಬಾಟಲಿಯ ಮೇಲೆ ಸದಸ್ಯ ಸಂಖ್ಯೆ ಬರೆದಿರಲಿ. ಕಾರ್ಯದರ್ಶಿಯವರ ಹತ್ತಿರ ಒಂದು ಮೀಟರ್ ಕೊಟ್ಟಿರುತ್ತೇನೆ, ಸಂಖ್ಯೆಯನ್ನು ಹಾಲಿನ ಪುಸ್ತಕದ ಕೊನೆಯ ಪುಟದಲ್ಲಿ ಬರೆದು ಕೊಡುತ್ತಾರೆ. 1,000 ದಾಟಿದ ಬಾಟಲಿಗಳನ್ನು ಬೇರೆ ಇಡಲಿ, ನಾನು ಬಂದು ಆ ಮನೆಗಳಿಗೆ ಹೋಗುತ್ತೇನೆ.